ಬಾಗಿಲು ಬಿಗಿದಿತ್ತು ಎಂಬ ಪಾಠ

ಮುಳ್ಳೂರಿನ ಶಾಲೆಯಲ್ಲಿ ಒಬ್ಬ ಹುಡುಗ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ಕಾಲನ್ನು ಹಿಂದಕ್ಕೆ ಊರಿ, ಮುಖ ಕೆಂಪಾಗುವವರೆಗೆ ತಳ್ಳಿದ. "ಇವನು ಈಗ ಗೋಡೆಯನ್ನು ತಳ್ಳುತ್ತಿದ್ದಾನಾ, ಇಲ್ಲವಾ?" ಎಂದು ಕೇಳಿದೆ. ತರಗತಿ ಒಂದೇ ದನಿಯಲ್ಲಿ "ಇಲ್ಲಾ ಮಿಸ್" ಎಂದಿತು.

"ಯಾಕಿಲ್ಲ?"

"ಗ್ವಾಡೆ ಎಲ್ಗೂ ಓಗ್ನಿಲ್ವಲ್ಲ."

"ಹಾಗಾದ್ರೆ ಇವನು ಇಷ್ಟೊತ್ತು ಮಾಡಿದ್ದೇನು?"

"ಸುಮ್ನೆ ಆಕ್ಟಿಂಗ್ ಮಾಡ್ದ ಮಿಸ್" ಎಂದು ಹಿಂದಿನಿಂದ ಒಬ್ಬ ಕೂಗಿದ. ತಳ್ಳಿದವನಿಗೆ ಸಿಟ್ಟು ಬಂತು. "ಬಾರ್ಲಾ, ನೀನೇ ನೂಕು, ಗೊತ್ತಾಯ್ತದೆ" ಎಂದು ಅವನ ಮೇಲೆ ನುಗ್ಗಿದ. ಇಬ್ಬರನ್ನೂ ಬಿಡಿಸುವುದರಲ್ಲಿ ಆ ದಿನದ ಪಾಠ ಮುಗಿಯಿತು.

ಆ ವರ್ಷ ನನ್ನ ಕೆಲಸ, ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕೆಲವು ಸರ್ಕಾರಿ ಶಾಲೆಗಳಿಗೆ ಸುತ್ತಾಡುತ್ತಾ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ತಳ್ಳುವುದು, ಎಳೆಯುವುದು ಎಂಬ ಪುಟ್ಟ ಪಾಠವನ್ನು ಮಾಡಿ ನೋಡುವುದಾಗಿತ್ತು. ಮಾಡಿ, ಎಲ್ಲಿ ಮುರಿಯುತ್ತದೆ ಎಂದು ಗಮನಿಸಿ, ಸರಿಪಡಿಸಿ, ಕೊನೆಗೆ ಬೇರೆ ಶಿಕ್ಷಕರೂ ಮಾಡಬಹುದಾದಂತೆ ಬರೆದುಕೊಡಬೇಕು. ಒಂದು ಚೀಲದಲ್ಲಿ ಹಗ್ಗ, ಚೆಂಡು, ಚಕ್ರ ಹಾಕಿದ ಹಲಗೆ, ಎರಡು ಇಟ್ಟಿಗೆ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಇಟ್ಟಿಗೆ ಯಾಕೆ ಹೊತ್ತುಕೊಂಡು ತಿರುಗುತ್ತೀರಿ, ಪ್ರತಿ ಊರಲ್ಲೂ ಇಟ್ಟಿಗೆ ಇಲ್ಲವೇ ಎಂದು ಕಂಡಕ್ಟರ್ ಕೇಳಿದ ಮೇಲೆ ಇಟ್ಟಿಗೆಯನ್ನು ಬಿಟ್ಟೆ.

ಪಾಠದ ಮೊದಲರ್ಧ ಎಲ್ಲ ಕಡೆಯೂ ಸಲೀಸಾಗಿ ಹೋಗುತ್ತಿತ್ತು. ಹಲಗೆಯನ್ನು ಹಗ್ಗ ಕಟ್ಟಿ ಎಳೆಯುವುದು, ಹಿಂದಿನಿಂದ ತಳ್ಳುವುದು, ಮೇಲೆ ಇಟ್ಟಿಗೆ ಹೇರಿದರೆ ಹೆಚ್ಚು ಬಲ ಬೇಕಾಗುವುದು. ಮನೆಯಲ್ಲಿ ನೀವು ಏನೇನು ತಳ್ಳುತ್ತೀರಿ ಎಂದರೆ ಸಾಲುಗಟ್ಟಿ ಹೇಳುತ್ತಿದ್ದರು: ಕೆಟ್ಟುನಿಂತ ಟಿವಿಎಸ್ಸು, ನೀರಿನ ಡ್ರಮ್ಮು, ಮಂಚ, ತಮ್ಮ. ಎಳೆಯುವುದೆಂದರೆ ಮೇಕೆ, ಪಂಪ್‌ಸೆಟ್ಟಿನ ಪೈಪು, ಅಕ್ಕನ ಜಡೆ. ತೊಡಕು ಬರುತ್ತಿದ್ದದ್ದು ಗೋಡೆಯ ಹತ್ತಿರ. ಅಲ್ಲಾಡದ ವಸ್ತುವಿನ ಮೇಲೂ ಬಲ ಇರಬಹುದು ಎಂಬುದನ್ನು ಮಕ್ಕಳು ಒಪ್ಪುತ್ತಿರಲಿಲ್ಲ. ಚಲಿಸಿದರೆ ತಳ್ಳಿದಂತೆ, ಚಲಿಸದಿದ್ದರೆ ತಳ್ಳಿಲ್ಲ. ಅಷ್ಟೇ.

ಅದನ್ನು ಬಿಟ್ಟುಬಿಡಬಹುದಿತ್ತು. ಆ ವಯಸ್ಸಿಗೆ ಯಾರೂ ಅದನ್ನು ಕೇಳುವುದಿಲ್ಲ. ಆದರೆ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿಕೊಂಡ ನನಗೇ ಈ ಒಂದು ವಿಷಯ ಬಹಳ ತಡವಾಗಿ ಅರ್ಥವಾಗಿತ್ತು. ಹೈಸ್ಕೂಲಿನಲ್ಲಿ ಸೂತ್ರ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದೆ. ಮೇಜಿನ ಮೇಲಿಟ್ಟ ಪುಸ್ತಕದ ಮೇಲೂ ಎರಡು ಬಲಗಳಿವೆ ಎಂದು ನಿಜವಾಗಿ ನಂಬಿದ್ದು ಎಷ್ಟೋ ವರ್ಷಗಳ ಮೇಲೆ. ಇದನ್ನು ಚಿಕ್ಕವರಿದ್ದಾಗಲೇ ಕೈಗೆ ಮುಟ್ಟಿಸಬೇಕು ಎಂಬ ಹಟ ಹಿಡಿದಿತ್ತು. ಹಟ ಎಂಬ ಪದ ಈಗಿನದು. ಆಗಿನ ಡೈರಿಯಲ್ಲಿ 'ಮುಖ್ಯ ಪರಿಕಲ್ಪನೆ' ಎಂದಿದೆ.

ಮಾಂಬಳ್ಳಿಯಲ್ಲಿ ಹಗ್ಗಜಗ್ಗಾಟ ಆಡಿಸಿದೆ. ಎರಡೂ ಕಡೆ ಸಮಾನ ಎಳೆತ ಇದ್ದಾಗ ನಡುವಿನ ಗಂಟು ನಿಲ್ಲುತ್ತದೆ, ಆಗ ಕೇಳಬಹುದು ಎಂಬುದು ಲೆಕ್ಕ. ಗಂಟು ನಿಲ್ಲಲೇ ಇಲ್ಲ. ಒಂದು ಗುಂಪು ಇನ್ನೊಂದನ್ನು ಎಳೆದುಕೊಂಡು ಹೋಯಿತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು, ಬಿದ್ದದ್ದೇ ಅವರಿಗೆ ನೆನಪುಳಿಯಿತು. ನಿಂತ ಬಲ ತೋರಿಸಲು ನಿಲ್ಲುವಂಥದ್ದೇ ಬೇಕು. ವಾಪಸು ಬರುವಾಗ ಬಸ್ಸಿನ ಬಾಗಿಲಲ್ಲಿ ಹತ್ತುವವರೂ ಇಳಿಯುವವರೂ ಎದುರುಬದುರಾಗಿ ಸಿಕ್ಕಿಕೊಂಡು ಯಾರೂ ಅಲುಗದೆ ನಿಂತದ್ದನ್ನು ನೋಡಿದೆ. ಬಾಗಿಲು ಎಂದು ಹೊಳೆದದ್ದು ಆಗ, ಅಥವಾ ಹಾಗೆಂದು ನಾನು ಆಮೇಲೆ ಅಂದುಕೊಂಡೆ.

ಮೂರನೆಯ ಶಾಲೆ ಅಜ್ಜೀಪುರ ದಾಟಿ ಒಳಕ್ಕೆ ಹೋಗುವ ರಸ್ತೆಯಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ. ಒಂದು ದೊಡ್ಡ ಕೊಠಡಿಯಲ್ಲಿ ಮೂರೂ ತರಗತಿಗಳು ಚಾಪೆಯ ಮೇಲೆ ಕೂರುತ್ತಿದ್ದವು. ಮುಖ್ಯ ಶಿಕ್ಷಕರು ತಮಾಷೆಯ ಮನುಷ್ಯ. ನನ್ನ ಚೀಲ ನೋಡಿ, "ಏನ್ ಮೇಡಂ, ಪಾಠ ಮಾಡಕ್ ಬಂದ್ರೋ, ಗುಡಾರ ಹಾಕಕ್ ಬಂದ್ರೋ?" ಎಂದಿದ್ದರು.

ಕೊಠಡಿಯ ಬಾಗಿಲನ್ನು ಅರ್ಧ ತೆರೆದು, ಬೆರಳು ಸಿಕ್ಕಿಕೊಳ್ಳದಂತೆ ಕೀಲಿನ ಸಂದಿಗೆ ನನ್ನ ಚಪ್ಪಲಿ ತುರುಕಿದೆ. ಒಂದೇ ಮೈಕಟ್ಟಿನ ಇಬ್ಬರನ್ನು ಆರಿಸಿ ಒಬ್ಬನನ್ನು ಆಚೆಗೂ ಒಬ್ಬನನ್ನು ಈಚೆಗೂ ನಿಲ್ಲಿಸಿ, ನಿಧಾನವಾಗಿ ಬಲ ಹೆಚ್ಚಿಸುತ್ತಾ ಹೋಗಿ ಎಂದೆ. ಬಾಗಿಲು ಸ್ವಲ್ಪ ಅತ್ತಿತ್ತ ನಡುಗಿ ನಿಂತಿತು. ಮಾಂಬಳ್ಳಿಯಲ್ಲಿ ಸಿಗದ ಆ ನಿಲುಗಡೆ ಇಲ್ಲಿ ಸಿಕ್ಕಿತು.

"ಬಾಗಿಲು ಅಲ್ಲಾಡ್ತಿಲ್ಲ. ಹಾಗಾದ್ರೆ ಯಾರೂ ತಳ್ತಿಲ್ವಾ?"

ಮಕ್ಕಳು ಗೊಂದಲಕ್ಕೆ ಬಿದ್ದರು. ಹುಡುಗರು ತಳ್ಳುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ಬಾಗಿಲು ಹೋಗುತ್ತಿಲ್ಲ. ಆಗ ಕಿಟಕಿಯ ಕೆಳಗಿನಿಂದ ಒಂದು ಸಣ್ಣ ದನಿ ಬಂತು.

"ಎಲ್ಡು ಕಡೆಯಿಂದ್ಲೂ ನೂಕ್ತಾವ್ರೆ. ಅದ್ಕೇ ನಿಂತದೆ."

ಎರಡನೇ ತರಗತಿಯ ಹುಡುಗಿ. ಹಿಂದಿನ ಭೇಟಿಗಳಲ್ಲಿ ಅವಳ ಬಾಯಿಂದ ಹಾಜರಿ ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಮೂರು ತಾಲ್ಲೂಕಿನಲ್ಲಿ ಆವರೆಗೆ ಯಾರೂ ಹೇಳದ ಮಾತನ್ನು ಅವಳು ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ನನಗೆ ಆದ ಖುಷಿ ಈಗಲೂ ನೆನಪಿದೆ. ಆ ಖುಷಿಯ ನಂತರ ಏನೇನು ಯಾವ ಕ್ರಮದಲ್ಲಿ ನಡೆಯಿತು ಎಂಬುದು ಮಾತ್ರ ಅಷ್ಟು ಖಚಿತವಿಲ್ಲ. ಚಪ್ಪಾಳೆ ತಟ್ಟಿಸಿದೆ ಎನಿಸುತ್ತದೆ. ಅವಳನ್ನು ಮುಂದಕ್ಕೆ ಕರೆದು ಇನ್ನೊಮ್ಮೆ ಹೇಳಿಸಿದೆ. ಆಮೇಲೆ ಕೇಳಿದೆ: "ನಿಂಗೆ ಹೇಗೆ ಗೊತ್ತಾಯ್ತು ಪುಟ್ಟಿ?"

ಪಾಠದ ಯೋಜನೆಯಲ್ಲೇ ಆ ಪ್ರಶ್ನೆ ಇತ್ತು. ಸರಿಯುತ್ತರ ಬಂದರೆ ಅದನ್ನು ಮಗುವಿನ ಮನೆಯ ಅನುಭವಕ್ಕೆ ಜೋಡಿಸಬೇಕು. ಜೋಡಿಸಿದೆ.

"ನಮ್ಮನೇಲಿ ಅಪ್ಪ ಆಚೆಯಿಂದ ನೂಕ್ತದೆ. ಅವ್ವ ನಾನು ಒಳಗಿಂದ ನೂಕ್ತೀವಿ. ಬಾಗ್ಲು ಅಲ್ಲಾಡಕಿಲ್ಲ."

"ಅವ್ರಪ್ಪ ಕುಡ್ಕಂಡ್ ಬತ್ತದೆ ಮಿಸ್!" ಎಂದು ಯಾರೋ ಕೂಗಿದರು. ಒಂದಷ್ಟು ನಗು. ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ತನ್ನ ಉತ್ತರ ಸರಿಯಾದ ಸಂತೋಷ ಅವಳ ಮುಖದಲ್ಲಿ ಇನ್ನೂ ಇತ್ತು. ನಾನು ನಗುವನ್ನು ಅಡಗಿಸುವ ಆತುರದಲ್ಲಿ, ವಿಷಯವನ್ನು ಬಲದ ಕಡೆಗೆ ತಿರುಗಿಸಬೇಕೆಂದು, ಕರಿಹಲಗೆಯ ಮೇಲೆ ಒಂದು ಬಾಗಿಲು ಬರೆದೆ. ಆಚೆಯಿಂದ ಒಂದು ಬಾಣ, ಈಚೆಯಿಂದ ಎರಡು. ಬಾಣಗಳ ಪಕ್ಕದಲ್ಲಿ 'ಅಪ್ಪ', 'ಅವ್ವ', 'ನಾನು' ಎಂದು ಬರೆದೆ. ಎರಡು ಸಣ್ಣ ಬಾಣ ಸೇರಿದರೆ ಒಂದು ದೊಡ್ಡ ಬಾಣಕ್ಕೆ ಸಮ ಎಂದು ವಿವರಿಸಿದೆ. ಬಸ್ಸಿಗೆ ಹೊತ್ತಾಯಿತೆಂದು ಹಲಗೆ ಒರೆಸದೆ ಹೊರಟೆ.

ಮುಂದಿನ ಬಾರಿ ಹೋದಾಗ ಅವಳು ಬಂದಿರಲಿಲ್ಲ. ಮುಖ್ಯ ಶಿಕ್ಷಕರು ಅವತ್ತು ತಮಾಷೆ ಮಾಡಲಿಲ್ಲ.

"ಐಕ್ಳು ಅದ್ನೇ ಆಟ ಮಾಡ್ಕಂಡವೆ ಮೇಡಂ. ಒಬ್ಬ ಅಪ್ಪ, ಇಬ್ರು ಒಳಗೆ. ಬೀದೀಲೆಲ್ಲ ಅದೇಯ. ಟೀ ಅಂಗ್ಡೀಲಿ ಅವ್ಳಪ್ಪನ್ಗೆ 'ಏನ್ಲಾ, ನಿನ್ ಮಗ್ಳೇ ನಿನ್ನ ಗೆದ್ಬುಟ್ಳಂತಲ್ಲ' ಅಂತ ಕುಟುಕವ್ರೆ. ಅವ್ನು ಅಲ್ಲಿಂದ ಎದ್ದೋದೋನು ಎರಡು ದಿನ ಆಯ್ತು, ಮನೇಗೇ ಹೋಗಿಲ್ಲ." ಆಮೇಲೆ ಹೊರಗೆ ಕೈ ತೋರಿಸಿ, "ತಾಯಿ ಬಂದವ್ರೆ. ಅಡುಗೆ ಕೋಣೆ ಹತ್ರ ಕೂತವ್ರೆ ನೋಡಿ" ಎಂದರು.

ಬಿಸಿಯೂಟದ ಕೋಣೆಯ ಪಕ್ಕದ ಕಟ್ಟೆಯ ಮೇಲೆ ಅವರು ಕೂತಿದ್ದರು. ನನಗಿಂತ ಚಿಕ್ಕವರು. ಕೂಲಿಗೆ ಹೋಗುವವರು ಸೀರೆಯ ಮೇಲೆ ಹಾಕಿಕೊಳ್ಳುವ ಗಂಡಸರ ಅಂಗಿ ಹಾಕಿದ್ದರು. ಕೆಲಸಕ್ಕೆ ಹೋಗುವ ದಾರಿಯಲ್ಲೇ ನನಗಾಗಿ ಕಾದದ್ದಿರಬೇಕು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

"ನೀವ್ ಬೇಕು ಅಂತ ಮಾಡ್ನಿಲ್ಲ ಬುಡಿ ಮೇಡಂ. ನಂಗೊಂದ್ ಕೆಲ್ಸ ಆಗ್ಬೇಕು."

"ಹೇಳಿ ಅಕ್ಕ. ಅವರು ಹೊಡೀತಾರಾ? ಅದಕ್ಕೆ ಹೇಳೋಕೆ ಜಾಗ ಇದೆ, ನಾನು ಬರ್ತೀನಿ ಜೊತೇಲಿ."

"ಅಯ್ಯೋ, ಒಡೆಯೋ ಆಳಲ್ಲ ಅದು. ಕುಡ್ದಿದ್ದಾಗ ಒಳಕ್ ಬುಡಕಿಲ್ಲ ನಾನು, ಅಷ್ಟೆಯ. ಒಳಕ್ ಬುಟ್ರೆ ವಟವಟ ಅಂತ ಬೆಳಗಾನ ಮಗೀನ ಎಬ್ರುಸ್ಕಂಡು ಕೂತ್ಕತದೆ. ಸ್ವಲ್ಪೊತ್ತು ನೂಕಿ ಸಾಕಾಗಿ ಜಗ್ಲಿ ಮ್ಯಾಲೆ ಮನಿಕತದೆ. ಬೆಳಿಗ್ಗೆ ನಾನು ನೀರ್ ಕೊಡ್ತೀನಿ. ಬಾಗ್ಲು ಬಿಗ್ದಿತ್ತು ಅಂತೀನಿ. ಊಂ, ಬಿಗ್ದಿತ್ತು ಅಂತದೆ."

"ಚಿಲಕ ಇಲ್ವಾ?"

"ಕಿತ್ತೋಗದೆ."

"ಒಂದು ಚಿಲಕ ಹಾಕಿಸಿಬಿಡೋಣ. ನಾನೇ ಆಚಾರಿನ ಕರೆಸ್ತೀನಿ. ನೀವಿಬ್ಬರೂ ಅಷ್ಟು ಕಷ್ಟಪಟ್ಟು ಹಿಡ್ಕೊಳ್ಳೋದು ಬೇಡ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟೂ ತಿಳಿಯದಲ್ಲ ಎಂಬ ಸಣ್ಣ ಆಶ್ಚರ್ಯವಿತ್ತು.

"ಚಿಲ್ಕ ಆಕುದ್ರೆ ಗಂಡುನ್ನ ಆಚ್ಗಾಕ್ದಂಗಲ್ವಾ ಮೇಡಂ? ಬಾಗ್ಲು ಬಿಗ್ದಿದ್ರೆ ಯಾರ್ ತಪ್ಪು? ಮಳೆ ತಪ್ಪು. ಅವ್ರ ಮಾನ ಅವ್ರಿಗೆ, ನನ್ ಮನೆ ನಂಗೆ. ಇಷ್ಟ್ ದಿನ ಅಂಗೇ ನಡ್ದಿತ್ತು. ಈಗ ಊರ್ಗೆಲ್ಲ ನಾವ್ ಒಳಗಿಂದ ನೂಕ್ತೀವಿ ಅಂತ ಆಗೋಯ್ತು. ಇನ್ ಅವ್ರು ಬಿಗ್ದಿತ್ತು ಅಂತ ಎಂಗಂದಾರು?"

"ನಾನೇನು ಮಾಡಲಿ?"

"ಇಸ್ಕೂಲ್ನಲ್ಲಿ ಯೋಳ್ಬುಡಿ. ಮಗು ತಪ್ ಯೋಳ್ತು, ಬಾಗ್ಲು ಮಳೆಗೆ ಬಿಗ್ದಿತ್ತು ಅಂತ. ನೀವ್ ಓದ್ದೋರು. ನೀವ್ ಯೋಳುದ್ರೆ ಐಕ್ಳು ಮನೇಲಿ ಯೋಳ್ತವೆ."

ಅವರು ಹೋದ ಮೇಲೆ ಮುಖ್ಯ ಶಿಕ್ಷಕರನ್ನು ಕೇಳಿದೆ. "ಯೋಳ್ಬುಡಿ ಮೇಡಂ, ಎರಡನೇ ಕ್ಲಾಸ್ ಪಾಠ ತಾನೆ, ಏನ್ ಮುಳ್ಗೋಯ್ತದೆ?" ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಒಂದು ಮನೆಯ ನೆಮ್ಮದಿಯ ಮುಂದೆ ಬಲದ ಪಾಠ ಎಷ್ಟರದು? ಆದರೆ ಕೊಳ್ಳೇಗಾಲದವರೆಗೆ ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಮನೆಯ ನೆಮ್ಮದಿಯನ್ನಲ್ಲ, ಆ ಹುಡುಗಿ ಮೊದಲ ಸಲ ಬಾಯಿ ತೆರೆದು ಹೇಳಿದ ಮಾತನ್ನು. ಅದು ಸರಿಯಾಗಿತ್ತು. ಅದನ್ನು ತಪ್ಪು ಎನ್ನಬೇಕಿತ್ತು. ಅದೂ ಅವಳ ಎದುರಿಗೇ.

ಬೇರೆ ದಾರಿಗಳನ್ನು ಹುಡುಕಿದೆ. ಆ ಉದಾಹರಣೆ ನಾನೇ ಕಟ್ಟಿದ್ದು ಎನ್ನಬಹುದೇ? ಮಕ್ಕಳೆಲ್ಲ ಕೇಳುವಂತೆಯೇ ಅವಳು ಹೇಳಿದ್ದಳು. ಏನೂ ಹೇಳದೆ ಬಿಟ್ಟರೆ ಆಟ ತಾನಾಗಿ ಹಳತಾಗುವುದಿಲ್ಲವೇ? ಆಗಬಹುದು, ಅಷ್ಟರಲ್ಲಿ ಆ ಮನುಷ್ಯ ಮನೆಗೆ ಮರಳದೇ ಹೋದರೆ? ಪ್ರತ್ಯೇಕವಾಗಿ ಕೂರಿಸಿ ಹುಡುಗಿಗೆ ವಿವರಿಸಬಹುದಿತ್ತು: ನಿನ್ನ ಉತ್ತರ ಸರಿ, ಆದರೆ ಮನೆಗೋಸ್ಕರ ನಾನು ಬೇರೆ ಹೇಳುತ್ತೇನೆ ಎಂದು. ಇದು ಆಗ ಹೊಳೆದಿತ್ತೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ ತಿಳಿಯದು. ಹೊಳೆದಿದ್ದರೆ, ಏಳು ವರ್ಷದ ಮಗು ಗುಟ್ಟು ಉಳಿಸಿಕೊಳ್ಳಲಾರದು ಎಂದು ನಾನೇ ತಳ್ಳಿಹಾಕಿರಬೇಕು. ಎಷ್ಟೋ ದಿನಗಳ ಗುಟ್ಟನ್ನು ಆ ಮಗು ಅದುವರೆಗೆ ಉಳಿಸಿಕೊಂಡೇ ಇತ್ತು, ನಾನು ಕೇಳುವ ತನಕ.

ಮಾಡುವುದಾದರೆ ಸರಿಯಾಗಿ ಮಾಡಬೇಕು ಎಂದುಕೊಂಡೆ. ಬಾಯಿಮಾತಿನ ಸುಳ್ಳನ್ನು ಮಕ್ಕಳು ನಂಬುವುದಿಲ್ಲ, ಕಣ್ಣಿಗೆ ಕಾಣಬೇಕು. ಕೊಳ್ಳೇಗಾಲದ ಒಬ್ಬ ಆಚಾರಿಯ ಬಳಿ ದಪ್ಪ ಹಲಗೆಯೊಂದಕ್ಕೆ ತೂತು ಕೊರೆಸಿ, ಅದಕ್ಕೆ ಸರಿಯಾಗಿ ಕೂರುವ ಎರಡು ಮರದ ಗೂಟ ಮಾಡಿಸಿದೆ. ಒಂದನ್ನು ಒಣಗಿದಂತೆಯೇ ಇಟ್ಟು ಇನ್ನೊಂದನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದೆ. ಕೆಲವು ದಿನಗಳಲ್ಲಿ ಅದು ಊದಿತು. ಒಣ ಗೂಟ ತೂತಿನಲ್ಲಿ ಸಲೀಸಾಗಿ ಹೋಗುತ್ತಿತ್ತು, ನೆಂದದ್ದು ಬಾಯಲ್ಲೇ ನಿಲ್ಲುತ್ತಿತ್ತು.

ಆ ಪಾಠ ನಾನು ಆ ವರ್ಷ ಮಾಡಿದ ಪಾಠಗಳಲ್ಲೇ ಚೆನ್ನಾಗಿ ಕೂತದ್ದು. ಮಕ್ಕಳು ಸರದಿಯಲ್ಲಿ ಬಂದು ಗೂಟ ತೂರಿಸಿ ನೋಡಿದರು, ನೆಂದ ಗೂಟವನ್ನು ಮೂಸಿದರು, ಕೆನ್ನೆಗೆ ಒತ್ತಿಕೊಂಡರು. ಮರ ನೀರು ಕುಡಿದು ದಪ್ಪಗಾಗುತ್ತದೆ ಎಂದು ಅವರೇ ಹೇಳಿದರು. ಹುಡುಗಿ ಅಂದು ಬಂದಿದ್ದಳು. ತಾಯಿ ಕಳಿಸಿದ್ದರು. ಕಿಟಕಿಯ ಕೆಳಗಿನ ಅದೇ ಜಾಗದಲ್ಲಿ ಕೂತಿದ್ದಳು.

"ಮಳೆಗಾಲದಲ್ಲಿ ಯಾರ ಮನೆ ಬಾಗಿಲು ಬಿಗಿಯುತ್ತೆ?"

"ನಮ್ದು ಮಿಸ್!" "ನಮ್ದೂ!" "ನಮ್ ಕಕ್ಕಸ್ ಬಾಗ್ಲು ಬಿಗ್ದು ನಮ್ ತಾತ ಒಳ್ಗೇ ಸಿಕ್ಕಾಕಂಡಿತ್ತು ಮಿಸ್!"

ಎಲ್ಲರೂ ನಕ್ಕರು. ಆ ನಗುವಿನಲ್ಲೇ, ತೀರಾ ಸಹಜವೆಂಬಂತೆ, ಹೇಳಿದೆ. "ಆವತ್ತು ಮಾತಾಡಿದೆವಲ್ಲ, ಆ ಬಾಗಿಲೂ ಹೀಗೇ. ಮಳೆಗೆ ಬಿಗಿದಿತ್ತು. ಒಳಗಿಂದ ಯಾರೂ ನೂಕ್ತಿರಲಿಲ್ಲ."

"ಆಂ, ಅಂಗಾ!" ಎಂದ ಒಬ್ಬ. "ನಾನ್ ಆವತ್ತೇ ಅಂದಿದ್ದೆ, ಗೇಣುದ್ದ ಇರೋ ಇವ್ಳು ಏನ್ ನೂಕಾಳು ಅಂತ" ಎಂದ ಇನ್ನೊಬ್ಬ. ನಾನು ಹುಡುಗಿಯನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಬೇಸರವಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಬೇಸರ ನನಗೆ ಕಂಡಿರಲಿಲ್ಲ. ಲೆಕ್ಕ ತಪ್ಪಿದವಳು ಮತ್ತೆ ಮೊದಲಿನಿಂದ ಕೂಡುವಾಗ ಇರುವಂಥ ಮುಖ. ಕೊನೆಗೆ ತಲೆಯಾಡಿಸಿದಳು.

ಬಸ್ಸಿನಲ್ಲಿ ಕೂತ ಮೇಲೆ ನಾನು ಹೇಳಿದ ವಾಕ್ಯ ಪೂರ್ತಿ ಕಿವಿಗೆ ಬಿತ್ತು. ಬಾಗಿಲು ಅಲ್ಲಾಡಲಿಲ್ಲ, ಯಾರೂ ನೂಕುತ್ತಿರಲಿಲ್ಲ. ಮುಳ್ಳೂರಿನ ಮಕ್ಕಳು ಗೋಡೆಯ ಬಗ್ಗೆ ಹೇಳಿದ್ದು ಇದನ್ನೇ. ಯಾವ ತಪ್ಪನ್ನು ಬಿಡಿಸಲು ತಿಂಗಳುಗಟ್ಟಲೆ ಚೀಲ ಹೊತ್ತು ತಿರುಗಿದ್ದೆನೋ ಅದನ್ನೇ, ಅದನ್ನು ಬಿಡಿಸಿಕೊಂಡಿದ್ದ ಒಂದೇ ಒಂದು ಮಗುವಿಗೆ, ಸಲಕರಣೆ ಸಮೇತ ಕಲಿಸಿ ಬಂದಿದ್ದೆ.

ಕೆಲಸ ಮಾತ್ರ ಆಯಿತು. ಬೀದಿಯ ಆಟ ನಿಂತಿತು. ಅವಳ ತಂದೆ ಮನೆಗೆ ಮರಳಿದರು ಎಂದು ಮುಖ್ಯ ಶಿಕ್ಷಕರು ಫೋನಿನಲ್ಲಿ ಹೇಳಿದರು. ಒಮ್ಮೆ ಅಜ್ಜೀಪುರದಲ್ಲಿ ಆ ತಾಯಿ ಸಿಕ್ಕಿದ್ದರು. ತಲೆಯ ಮೇಲೆ ಮೇವಿನ ಹೊರೆ ಇದ್ದುದರಿಂದ ನಿಲ್ಲಲಿಲ್ಲ. "ಒಳ್ಳೇದಾಯ್ತು ಮೇಡಂ. ಈಗ ಸಲೀಸು" ಎಂದು ಹೇಳಿಕೊಂಡೇ ಮುಂದೆ ಹೋದರು. ನಾನು ತಪ್ಪು ಮಾಡಿದೆ ಎಂದು ಯಾರಾದರೂ ಹೇಳಿದರೆ ಆ ತಾಯಿಯ ಮಾತನ್ನು ಎದುರಿಗಿಡಬಹುದು. ಯಾರೂ ಹೇಳಿಲ್ಲ. ಅದನ್ನು ನಾನು ನನ್ನೆದುರಿಗೇ ಆಗಾಗ ಇಟ್ಟುಕೊಳ್ಳುತ್ತೇನೆ, ಸಾಲುವುದಿಲ್ಲ.

ವರ್ಷದ ಕೊನೆಯಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಚಿತ್ರ ತೋರಿಸಿ ಕೇಳುವ ಕೆಲಸವಿತ್ತು. ಬಾಗಿಲಿನ ಚಿತ್ರವನ್ನು ನಾನು ಮೊದಲೇ ತೆಗೆದುಹಾಕಿದ್ದೆ. ಹುಡುಗಿ ಬಂದು ಕೂತಳು. ಚೆಂಡು ಒದೆಯುವುದು, ಸರಿ. ಬಿಂದಿಗೆ ಸೇದುವುದು, ಸರಿ. ಕೊನೆಯದು ಇಬ್ಬರು ಮಕ್ಕಳು ಹಗ್ಗದ ಎರಡು ತುದಿ ಹಿಡಿದು ಎಳೆಯುತ್ತಿರುವ ಚಿತ್ರ. ನಡುವಿನ ಗಂಟು ಗೆರೆಯ ಮೇಲೇ ನಿಂತಿದೆ.

"ಗಂಟು ಅಲ್ಲಾಡ್ತಿಲ್ಲ. ಯಾಕೆ?"

ಅವಳ ಬೆರಳು ಒಬ್ಬನ ಕೈಮೇಲೆ ಹೋಯಿತು. ಆಮೇಲೆ ಇನ್ನೊಬ್ಬನ ಕೈಮೇಲೆ. ಎರಡರ ನಡುವೆ ಸ್ವಲ್ಪ ಹೊತ್ತು ಓಡಾಡಿತು. ತುಟಿ ಅಲುಗಿತು. ಆಮೇಲೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಲಂಗದ ಮೇಲೆ ಇಟ್ಟುಕೊಂಡಳು.

"ಇದ್ಕೆ ಏನ್ ಯೋಳ್ಬೇಕು ಮಿಸ್?"

"ನಿಂಗೇನು ಅನ್ಸುತ್ತೋ ಅದು."

"ನಂಗೇನೂ ಅನ್ನುಸ್ನಿಲ್ಲ. ನೀವ್ ಯೋಳಿ, ಅದ್ನೇ ಯೋಳ್ತೀನಿ."

ಕಾದೆ. ಅವಳೂ ಕಾದಳು, ತಾಳ್ಮೆಯಿಂದ, ನನಗೆ ಉತ್ತರ ಮರೆತುಹೋಗಿರಬಹುದು ಎಂಬಂತೆ. ಕೊನೆಗೆ ನಾನೇ ಹೇಳಿಕೊಟ್ಟೆ. ಅವಳು ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ, ಮಗ್ಗಿ ಒಪ್ಪಿಸುವ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಒಪ್ಪಿಸಿದಳು.

"ಇಬ್ಬರೂ ಎಳೆಯುತ್ತಿದ್ದಾರೆ. ಆದ್ದರಿಂದ ಗಂಟು ನಿಂತಿದೆ. ಸರಿಯಾ ಮಿಸ್?"

ಸರಿ ಎಂದೆ. ಅವಳು ಎದ್ದು ಮುಂದಿನವನನ್ನು ಕರೆಯಲು ಹೋದಳು.